ಏಳು ಎರಿಯ ಪೆಟ್ಟಿಗೆ

ಸಂಕ್ರಾಂತಿಗೆ ಎರಡು ದಿನ ಇರುವಾಗ ಚಂದ್ರಮತಿ ನಡುಮನೆಯಲ್ಲಿ ಹಳೇ ಪೇಪರ್ ಹಾಸಿಕೊಂಡು ಎಳ್ಳಿಗೆ ಕೊಬ್ಬರಿ ಹೆಚ್ಚುತ್ತ ಕೂತಿದ್ದಳು. ಅಚ್ಚುಬೆಲ್ಲ ಹೆಚ್ಚಿ ಹೆಚ್ಚಿ ಬೆರಳ ಬುಡದಲ್ಲಿ ಆಗಲೇ ಬೊಬ್ಬೆ ಎದ್ದಿತ್ತು. ಮೈಲಾಪೂರಿನಲ್ಲಿ ಬೇಕೆಂದದ್ದೆಲ್ಲ ಸಿಗುತ್ತದೆ, ಹೆಚ್ಚಿಟ್ಟ ಎಳ್ಳುಬೆಲ್ಲ ಒಂದು ಸಿಗುವುದಿಲ್ಲ. ಈ ವರ್ಷ ಬೇಡವೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದಳು. ಆದರೆ ಗಂಡ ಜಯರಾಮ, "ನಾನು ತಿನ್ನೋ ಹಾಗಿಲ್ಲ ಅಂತ ಬೀರೋದೂ ಬೇಡ್ವೇನೇ?" ಎಂದು ಕೇಳಿದ ಮೇಲೆ ಬೇಡವೆನ್ನಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಶೋಳಿಂಗನಲ್ಲೂರಿನ ಆಫೀಸಿನಿಂದ ರೂಪೇಶ. ಉಡುಪಿ ಕಡೆಯ ಹುಡುಗ, ಕಂಪ್ಯೂಟರ್ ಕೆಲಸ. ಮಹಡಿಯ ಮೇಲೆ ಜೇನುಪೆಟ್ಟಿಗೆ ಇಟ್ಟುಕೊಂಡವರ ಒಂದು ಸಣ್ಣ ಕೂಟಕ್ಕೆ ಅವನೇ ಸದ್ಯಕ್ಕೆ ಹಿರಿಯ.

"ಅಕ್ಕ, ನಿಮ್ಮ ಪೆಟ್ಟಿಗೆಗೆ ಎಂತ ಹಾಕ್ತೀರಿ ಮಾರಾಯ್ರೆ? ಈ ಮಳೆಗೆ ಎಲ್ಲರದ್ದೂ ಸೊರಗಿ ಹೋಗಿದೆ, ನಿಮ್ಮದೊಂದು ಏರ್ತಾ ಉಂಟು! ನಾಲ್ಕು, ಐದು, ಆರು, ಏಳು. ಗ್ರಾಫ್ ಹಾಕಿ ಎಲ್ಲರಿಗೂ ಮೇಲ್ ಮಾಡಿದ್ದೇನೆ, ನೋಡ್ಲಿಲ್ವಾ?"

"ಏಳಾ?" ಎಂದಳು ಚಂದ್ರಮತಿ.

"ಏಳು ಎರಿ ಭರ್ತಿ ನೊಣ. ನೀವೇ ಅಲ್ವಾ ಬರ್ದದ್ದು? ಕೇಳಿ ಈಗ. ನಾಗರತ್ನಮ್ಮನವರ ಪೆಟ್ಟಿಗೆ ಪೂರಾ ಖಾಲಿ, ಒಂದು ನೊಣ ಇಲ್ಲ. ನಿಮ್ಮದನ್ನು ಪಾಲು ಮಾಡಿ ಅರ್ಧ ಅವರಿಗೆ ಕೊಡುವ. ಹಬ್ಬ ಮುಗಿದ ಭಾನುವಾರ ನಾವಿಬ್ಬರೂ ಬರ್ತೇವೆ."

"ಸ್ವಲ್ಪ ಇರು ರೂಪೇಶ, ಇವರನ್ನ ಒಂದ್ಮಾತು ಕೇಳಿ..."

"ಸರ್‌ಗೆ ಬೆಳಿಗ್ಗೆಯೇ ಹೇಳಿ ಆಯ್ತಲ್ಲ. ಭಾರಿ ಖುಷಿಯಲ್ಲಿದ್ದಾರೆ. ಇಡ್ಲಾ?"

ಫೋನ್ ಇಟ್ಟ ಮೇಲೆ ಚಂದ್ರಮತಿ ತಟ್ಟೆಯ ಮುಂದೆ ಬಂದು ಕೂತಳು, ಚಾಕು ಮಾತ್ರ ಎತ್ತಲಿಲ್ಲ. ಆ ಪೆಟ್ಟಿಗೆಯಲ್ಲಿ ನೊಣ ತುಂಬಿದ ಎರಿ, ಚೌಕಟ್ಟಿಗೆ ಕಟ್ಟಿದ ಮೇಣದ ಗೂಡು, ಏಳಿಲ್ಲ. ಆರಿಲ್ಲ, ಐದಿಲ್ಲ. ಮೂರಿವೆ, ಅದರಲ್ಲೂ ಮೂರನೆಯದು ಅರ್ಧಂಬರ್ಧ. ಅದನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ಅದನ್ನು ಎಲ್ಲೂ ಬರೆಯದವಳೂ ಅವಳೇ.

ಇದು ಹೇಗಾಯಿತೆಂದರೆ, ಯಾರೂ ಸುಳ್ಳು ಹೇಳದೆಯೇ ಆಯಿತು.

ಜಯರಾಮ ಅಡ್ಯಾರಿನ ಒಂದು ಕಂಪನಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಕ್ಷೆ ಬರೆದವನು. ಪೆನ್ಸಿಲ್ಲಿನಲ್ಲಿ ಅವನು ಎಳೆದ ಗೆರೆಯ ಮೇಲೆ ಅಡಿಕೋಲು ಇಟ್ಟರೆ ಅಡಿಕೋಲೇ ನಾಚಬೇಕು ಎಂದು ಜೊತೆಯವರು ಹೇಳುತ್ತಿದ್ದರಂತೆ. ಮಹಡಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ, ತುಡುವೆ ಜೇನಿನ ಪೆಟ್ಟಿಗೆ ಇಟ್ಟು ಹತ್ತು ಹನ್ನೆರಡು ವರ್ಷವಾಗಿರಬೇಕು. ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ, ನೊಣ ಎಷ್ಟು ಎರಿ ತುಂಬಿವೆ, ತುಪ್ಪ ಎಷ್ಟು, ಮೇಣದ ಹುಳು ಬಿದ್ದಿದೆಯೇ ಎಂಬುದನ್ನೆಲ್ಲ ರಟ್ಟಿನ ಪುಸ್ತಕದಲ್ಲಿ ಅಚ್ಚು ಹಾಕಿದಂತೆ ಬರೆದಿಡುತ್ತಿದ್ದ. ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಮೊದಲು ನಕ್ಷೆ ಹೋಯಿತು, ನಕ್ಷೆಯ ಹಿಂದೆ ಕೆಲಸ. ಈಗ ಎದುರು ನಿಂತವರು ಯಾರೆಂದು ತಿಳಿಯುತ್ತದೆ, ಅವರು ನಗುತ್ತಿದ್ದಾರೋ ಇಲ್ಲವೋ ತಿಳಿಯುವುದಿಲ್ಲ.

ಜೇನು ಮಾತ್ರ ಹೋಗಲಿಲ್ಲ. ಎರಿ ಎತ್ತಿದರೆ ಕಾಣದ ಕೈಗೆ ಸಿಕ್ಕಿ ನೊಣ ಸಾಯುತ್ತವೆಂದು ಎತ್ತುವುದನ್ನು ಬಿಟ್ಟ. ಮುಚ್ಚಳ ತೆಗೆಯುತ್ತಾನೆ, ಪೆಟ್ಟಿಗೆಯ ಪಕ್ಕಕ್ಕೆ ಕಿವಿ ಒತ್ತಿ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತಾನೆ, ಒಳಗಿನ ಸದ್ದು ಏರಿ ತಟ್ಟನೆ ಇಳಿದರೆ "ರಾಣಿ ಇದ್ದಾಳೆ" ಎನ್ನುತ್ತಾನೆ. ಹಿಂಬದಿಯನ್ನು ಎರಡು ಬೆರಳಿನಲ್ಲಿ ತುಸು ಎತ್ತಿ ಭಾರ ನೋಡುತ್ತಾನೆ. ಮುಖಕ್ಕೆ ಬಲೆ ಹಾಕಿಕೊಂಡು ಹಿಂದೆ ನಿಂತ ಚಂದ್ರಮತಿ ಅವನು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. "ಬರ್ಕೋ. ಭಾರ ಚೆನ್ನಾಗಿದೆ. ಸದ್ದು ಗಟ್ಟಿಯಾಗಿದೆ. ಬರ್ಕೊಂಡ್ಯಾ?"

ರೂಪೇಶ ಕೂಟಕ್ಕೆ ಬಂದ ಮೇಲೆ ಎಲ್ಲರ ಪೆಟ್ಟಿಗೆಗಳ ಲೆಕ್ಕವೂ ಒಂದು ಎಕ್ಸೆಲ್ ಫೈಲಿನಲ್ಲಿ ಇರಲಿ, ಅವರವರ ಸಾಲು ಅವರವರೇ ತುಂಬಿ ಮೇಲ್ ಮಾಡಲಿ ಎಂದ. ಅದರ ಮೇಲೆ ಜಯರಾಮನಿಗೂ ಅವನಿಗೂ ಇದೇ ನಡುಮನೆಯಲ್ಲಿ ಒಂದು ಭಾನುವಾರವಿಡೀ ವಾದ ನಡೆಯಿತು.

"ಪುಸ್ತಕ ಮಳೆಗೆ ನೆನೆದ್ರೆ ಎಂತ ಮಾಡ್ತೀರಿ ಸರ್?"

"ಬಿಸಿಲಿಗೆ ಒಣಗಿಸ್ತೀನಪ್ಪ. ನಿನ್ನ ಕಂಪ್ಯೂಟರ್ ನೆನೆದ್ರೆ ಎಲ್ಲಿ ಒಣಗಿಸ್ತೀಯಾ?"

"ಒಬ್ಬರ ಪೆಟ್ಟಿಗೆಗೆ ರೋಗ ಬಂದ್ರೆ ಇನ್ನೊಬ್ಬರಿಗೆ ಗೊತ್ತಾಗೋದು ಬೇಡ್ವಾ? ಪುಸ್ತಕ ನಿಮ್ಮ ಕಪಾಟಿನಲ್ಲಿ ಕೂತಿರ್ತದೆ."

"ಫೋನ್ ಮಾಡಿದ್ರೆ ಓದಿ ಹೇಳ್ತೀವಿ."

ಕೊನೆಗೆ ಪುಸ್ತಕವೂ ಇರಲಿ, ಫೈಲೂ ಇರಲಿ ಎಂದಾಯಿತು. ಇಬ್ಬರ ಮಾತೂ ಉಳಿಯಿತು. ಕೆಲಸ ಚಂದ್ರಮತಿಯ ಪಾಲಿಗೆ ಬಂತು. ಅವಳು ಒಂದು ಹೆಣ್ಣುಮಕ್ಕಳ ಕಾಲೇಜಿನ ಲೈಬ್ರರಿಯಲ್ಲಿದ್ದಳು. ಅಲ್ಲಿಯೂ ಎರಡು ವರ್ಷದಿಂದ ಇದೇ ಪಾಡು: ಮರದ ಡ್ರಾಯರುಗಳಲ್ಲಿದ್ದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಕಂಪ್ಯೂಟರಿಗೆ ತುಂಬುವುದು, ಕಾರ್ಡನ್ನೂ ಬಿಸಾಡದೆ ವಾಪಸು ಜೋಡಿಸುವುದು. ಹಗಲೆಲ್ಲ ಅದು ಮಾಡಿ ಬಂದು ಮನೆಯಲ್ಲಿ ಜೇನಿನದು ಮಾಡಬೇಕು. ಎರಡನ್ನೂ ಒಟ್ಟಿಗೆ ಎಂದಾದರೂ ತೆರೆದು ನೋಡುವವರು ಯಾರೆಂದು ಅವಳು ಯಾರನ್ನೂ ಕೇಳಲಿಲ್ಲ. ಕೇಳಿದರೆ ಅದಕ್ಕೂ ಒಂದು ಪಟ್ಟಿ ಮಾಡು ಎನ್ನಬಹುದಿತ್ತು.

ಎರಡು ಸಾವಿರದ ಐದರ ಆ ಮಳೆ ದೀಪಾವಳಿಗೆ ಮೊದಲೇ ಹಿಡಿದದ್ದು ಬಿಡಲಿಲ್ಲ. ಬೀದಿಯಲ್ಲಿ ಮೊಣಕಾಲುದ್ದ ನೀರು. ನೊಣಗಳು ಹೊರಗೆ ಹೋಗುವಂತಿಲ್ಲ, ಹೋದರೂ ಹೂವಿಲ್ಲ. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಮಳೆ ಬಿಟ್ಟಾಗ ಮುಚ್ಚಳ ತೆಗೆದರು. ಎರಿಗಳ ನಡುವಿನ ಸಂದಿಗಳಲ್ಲಿ ಕಪ್ಪಗೆ ತುಂಬಿರಬೇಕಾದ ನೊಣ ಒಂದು ಪಕ್ಕಕ್ಕೆ ಸರಿದು, ಇನ್ನೊಂದು ಪಕ್ಕದ ಎರಿಗಳು ಬರಿದಾಗಿ ಕಾಣುತ್ತಿದ್ದವು.

"ಸ್ವಲ್ಪ ಕಡಿಮೆಯಾದ ಹಾಗಿದೆ ರೀ" ಎಂದಿದ್ದಳು ಅವಳು.

"ಚಳಿಗೆ ಮುದುಡಿಕೊಂಡಿರತ್ವೆ ಕಣೇ. ಭಾರ ನೋಡು, ಹೋದ ಸಲಕ್ಕಿಂತ ಜಾಸ್ತಿ ಇದೆ. ಬರ್ಕೋ, ಚೆನ್ನಾಗಿದೆ ಅಂತ."

ಅದೇ ವಾರ ಕಣ್ಣಿನ ಡಾಕ್ಟರು, ಇನ್ನು ಲೇಸರ್ ಮಾಡುವುದರಲ್ಲಿ ಅರ್ಥವಿಲ್ಲ, ಇದ್ದಷ್ಟು ದೃಷ್ಟಿ ಉಳಿಸಿಕೊಳ್ಳೋಣ ಎಂದಿದ್ದರು. ಬರುವಾಗ ಆಟೋದಲ್ಲಿ ಜಯರಾಮ ಒಂದು ಮಾತೂ ಆಡಿರಲಿಲ್ಲ. ಪೆಟ್ಟಿಗೆಯ ಮುಂದೆ ನಿಂತಾಗಲೇ ಅವನ ದನಿ ಮತ್ತೆ ಅವನ ದನಿಯಾದದ್ದು. ಚಂದ್ರಮತಿ 'ಚೆನ್ನಾಗಿದೆ' ಎಂದು ಬರೆದುಕೊಂಡಳು. ಮುಂದಿನ ಸಲವೂ ಹಾಗೇ ಬರೆದುಕೊಂಡಳು. ಒಮ್ಮೆ ಬರೆದ ಮೇಲೆ ಎರಡನೆಯ ಸಲ ಕಷ್ಟವಾಗುವುದಿಲ್ಲ.

ಆದರೆ ಫೈಲಿನಲ್ಲಿ ಏಳು ಹೇಗೆ ಬಂತು?

ಸಂಜೆ ಮಗಳು ಪ್ರಣಮ್ಯಾ ಕಾಲೇಜಿನಿಂದ ಬಂದ ಮೇಲೆ ಕಂಪ್ಯೂಟರ್ ಹಾಕಿಸಿ ಇಬ್ಬರೂ ನೋಡಿದರು. ಮಗಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ; ಉತ್ತರ ಬರುವುದು ತಮಿಳಿನಲ್ಲಿ. ಅಕ್ಟೋಬರಿನ ಸಾಲಿನಲ್ಲಿ ಎರಿಯ ಲೆಕ್ಕಕ್ಕೆ 'ಫ್ರೇಮ್ 4' ಎಂದಿತ್ತು. ಅದು ಸರಿಯಾಗಿಯೇ ಇತ್ತು, ಆಗ ನಾಲ್ಕೇ ಇದ್ದದ್ದು. ಅದರ ಕೆಳಗೆ ಫ್ರೇಮ್ 5, ಫ್ರೇಮ್ 6, ಫ್ರೇಮ್ 7.

"ಇದು ನೀ ಇಳುತ್ತದು ದಾನೇ ಮಾ?" ಎಂದಳು ಪ್ರಣಮ್ಯಾ, ಗಾಳಿಯಲ್ಲಿ ಬೆರಳಿನಿಂದ ಏನನ್ನೋ ಕೆಳಕ್ಕೆ ಎಳೆದು ತೋರಿಸುತ್ತ.

ಹೌದು, ಎಳೆದದ್ದೇ. ಮಳೆಯಲ್ಲಿ ಕರೆಂಟು ಇದ್ದರೆ ಫೋನ್ ಲೈನಿಲ್ಲ, ಲೈನಿದ್ದರೆ ಕರೆಂಟಿಲ್ಲ. ಅಷ್ಟೂ ದಿನದ ಸಾಲುಗಳು ಖಾಲಿ ಉಳಿದಿದ್ದವು. ಡಿಸೆಂಬರಿನ ಒಂದು ಭಾನುವಾರ, ಒಲೆಯ ಮೇಲೆ ಕುಕ್ಕರಿಟ್ಟು, ಈಗ ಹಳೆಯದನ್ನೇ ಹಾಕಿ ಕಳಿಸೋಣ, ಆಮೇಲೆ ಸರಿಮಾಡಿದರಾಯಿತು ಎಂದುಕೊಂಡು, ಅಕ್ಟೋಬರಿನ ಸಾಲನ್ನು ಮೂಲೆ ಹಿಡಿದು ಕೆಳಕ್ಕೆ ಎಳೆದಿದ್ದಳು. ಲೈಬ್ರರಿಯಲ್ಲಿ ದಿನಾ ಮಾಡುವ ಉಪಾಯವೇ. ಅಲ್ಲಿ ಒಂದೇ ಪ್ರಕಾಶಕರ ಹೆಸರು ನೂರು ಪುಸ್ತಕಕ್ಕೆ ಬೇಕಾದರೆ ಎಳೆದರೆ ಸಾಕು, ಹೆಸರು ಹಾಗೇ ಇಳಿಯುತ್ತದೆ. ಅಕ್ಷರದ ಪಕ್ಕದಲ್ಲಿ ಅಂಕಿ ಇದ್ದರೆ ಯಂತ್ರ ಅದನ್ನು ತಾನಾಗಿ ಒಂದೊಂದೇ ಏರಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಎಳೆದವಳು ತಿರುಗಿ ನೋಡಲೂ ಇಲ್ಲ. ಕುಕ್ಕರ್ ಕೂಗಿತ್ತು.

ಪ್ರಣಮ್ಯಾ ನಗಲಿಲ್ಲ. "ಅಪ್ಪಾಕಿಟ್ಟ ಸೊಲ್ಲಿಡು ಮಾ" ಎಂದಳು.

ಅಪ್ಪನಿಗೆ ಹೇಳಿಬಿಡು. ಎಷ್ಟು ಸಲೀಸು. ಯಂತ್ರ ತಪ್ಪು ಮಾಡಿತು ಎಂದಷ್ಟೇ ಹೇಳಿದರೆ ಜಯರಾಮನಿಗೆ ಖುಷಿಯೇ ಆದೀತು; ನಾನು ಹೇಳಿರಲಿಲ್ಲವಾ ಎಂದು ರೂಪೇಶನಿಗೆ ತಕ್ಷಣ ಫೋನ್ ಹಚ್ಚಿಯಾನು. ಆದರೆ ಪುಸ್ತಕ ತಾ, ಅದರಲ್ಲಿ ಸರಿಯಾಗಿದೆ, ಓದು ಎಂದರೆ? ಪುಸ್ತಕದಲ್ಲಿರುವುದು ಅವನ ಕೈ, ಅವನ ಕಿವಿ. ಭಾರ ಚೆನ್ನಾಗಿದೆ, ಸದ್ದು ಚೆನ್ನಾಗಿದೆ. ಫೈಲು ಸುಳ್ಳು, ಪುಸ್ತಕವೂ ನಿಜವಲ್ಲ ಎನ್ನಬೇಕಾಗುತ್ತದೆ. ಹಾಗೆ ಹೇಳಿದರೆ ಅವನಿಗೆ ಉಳಿಯುವುದೇನು? ಹೇಳದಿದ್ದರೆ ಭಾನುವಾರ ಮೂರು ಎರಿಯ ಸಂಸಾರವನ್ನು ಎರಡು ಮಾಡುತ್ತಾರೆ, ಎರಡೂ ಸಾಯುತ್ತವೆ. ನೊಣ ಕಡಿಮೆಯಾದರೆ ಮರಿಗಳನ್ನು ಬೆಚ್ಚಗಿಡಲಾಗುವುದಿಲ್ಲ, ಇರುವೆಯನ್ನು ತಡೆಯಲಾಗುವುದಿಲ್ಲ. ಅಷ್ಟು ಅವಳಿಗೂ ಗೊತ್ತು.

ಹಬ್ಬ ಬಂತು, ಹೋಯಿತು. ಅಕ್ಕಪಕ್ಕದ ಮನೆಗಳಿಗೆ ಎಳ್ಳು ಬೀರಿ ಬಂದಳು. ಎದುರು ಮನೆಯವರು ಅದನ್ನು ಪ್ರತಿ ವರ್ಷವೂ ಪ್ರಸಾದವೆಂದೇ ತಿಳಿದು ಕಣ್ಣಿಗೊತ್ತಿಕೊಳ್ಳುತ್ತಾರೆ.

ಶನಿವಾರ ಸಂಜೆ ಜಯರಾಮ ತಾನಾಗಿಯೇ ಮಹಡಿ ಹತ್ತಿದ. ಗೋಡೆ ಹಿಡಿದುಕೊಂಡು, ಮೆಟ್ಟಿಲು ಎಣಿಸಿಕೊಂಡು. ಅವಳು ಹಿಂದೆಯೇ ಹೋದಳು. ಟ್ಯಾಂಕಿನ ಪಕ್ಕ ಬಗ್ಗಿ ಪೆಟ್ಟಿಗೆಯ ಹಿಂಬದಿ ಎತ್ತಿ ನೋಡಿದ.

"ನೋಡೇ ಚಂದ್ರಾ, ಇದಪ್ಪ ಭಾರ ಅಂದ್ರೆ. ಆ ರೂಪೇಶನ ಗ್ರಾಫು ಈಗ ಹೇಳ್ತಾ ಇದೆ, ನಾನು ನವೆಂಬರಲ್ಲೇ ಹೇಳಿದ್ದೆ. ಹೇಳಿದ್ನಾ ಇಲ್ವಾ?"

"ಹೇಳಿದ್ರಿ."

"ಇದೇ ಮೊದಲನೇ ಸಲ ನಂದೂ ಅವಂದೂ ಲೆಕ್ಕ ತಾಳೆಯಾಗಿರೋದು." ಅವನು ನಕ್ಕ. ಹಾಗೆ ನಕ್ಕು ಎಷ್ಟು ಕಾಲವಾಯಿತೋ.

ಚಂದ್ರಮತಿ ಪೆಟ್ಟಿಗೆಯ ಹಲಗೆ ಮುಟ್ಟಿ ನೋಡಿದಳು. ಟ್ಯಾಂಕಿನ ನೆರಳಿಗೆ ಬಿಸಿಲು ಬೀಳದೆ ಹಲಗೆ ಇನ್ನೂ ತಣ್ಣಗೆ, ಒದ್ದೆಯಾಗಿ, ಅಲ್ಲಲ್ಲಿ ಹಸಿರು ಪಾಚಿ ಹಿಡಿದು ಉಬ್ಬಿತ್ತು. ಎರಡು ತಿಂಗಳ ಮಳೆಯನ್ನು ಮರ ಕುಡಿದು ಕೂತಿತ್ತು. ಭಾರ ತುಪ್ಪದ್ದಲ್ಲ, ನೀರಿನದು. ಇದು ಅವಳಿಗೆ ಆ ಕ್ಷಣಕ್ಕೆ ಹೊಳೆದದ್ದು, ಹೊಳೆದೊಡನೆ ಟ್ಯಾಂಕಿನ ಕಟ್ಟೆಯ ಮೇಲೆ ಕೂತಳು.

"ರೀ."

"ಏನೇ?"

"ಹಲಗೆ ಎಲ್ಲ ನೆಂದಿದೆ ಅಲ್ವಾ? ಅದ್ಕೆ ಏನಾದ್ರೂ..."

"ಒಣಗುತ್ತೆ ಬಿಡು. ನಾಳೆ ಹೊಗೆಡಬ್ಬಕ್ಕೆ ತೆಂಗಿನ ನಾರು ಇದ್ಯಾ ನೋಡಿಡು. ನಾಗರತ್ನಮ್ಮನೋರು ಬರ್ತಾರೆ, ಕಾಫಿಗೆ ಡಿಕಾಕ್ಷನ್ ಜಾಸ್ತಿ ಇಳಿಸು. ಆ ಹೆಂಗಸಿಗೆ ಸಣ್ಣ ಲೋಟ ಕೊಟ್ರೆ ಊರೆಲ್ಲ ಹೇಳ್ಕೊಂಡು ಬರ್ತಾರೆ."

ಅವಳು ನಾರು ಇದೆಯೇ ನೋಡಿಟ್ಟಳು.

ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಇಬ್ಬರೂ ಬಂದರು. ನಾಗರತ್ನಮ್ಮ ಅಣ್ಣಾ ನಗರದ ಮಗನ ಮನೆಯಲ್ಲಿರುವವರು. ಮಂಡ್ಯದಲ್ಲಿ ಹೆಡ್ಮಿಸ್ಟ್ರೆಸ್ ಆಗಿದ್ದವರು, ಈಗಲೂ ಎಲ್ಲರನ್ನೂ ಬೆಂಚಿನ ಮೇಲೆ ನಿಲ್ಲಿಸುವ ದನಿ. ಖಾಲಿ ಪೆಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದಿದ್ದರು.

"ಆಟೋದವನು ದಾರಿ ತುಂಬ ತಿರುಗಿ ತಿರುಗಿ ನೋಡ್ತಾನೆ ಕಣಮ್ಮ. ಕೊನೆಗೆ, 'ಉಳ್ಳೇ ಪಾಂಬಾ ಮಾ?' ಅಂತ ಕೇಳ್ದ. ಹಾವಲ್ಲಪ್ಪ, ಈಗ ಏನೂ ಇಲ್ಲ, ಬರೋವಾಗ ಇರುತ್ತೆ ಅಂದೆ. ಬರೋವಾಗ ಬೇರೆ ಆಟೋ ನೋಡ್ಕೊಳಿ ಅಂದ!"

ರೂಪೇಶ ಗ್ರಾಫಿನ ಪ್ರಿಂಟ್ ತಂದಿದ್ದ. ಗೆರೆ ಮೆಟ್ಟಿಲಿನಂತೆ ನೇರ ಏರಿತ್ತು. ಅದನ್ನು ಜಯರಾಮನ ಕೈಗೆ ಕೊಟ್ಟ. ಜಯರಾಮ ಅದನ್ನು ಕಣ್ಣಿನ ಹತ್ತಿರ ತಂದು, ಓರೆ ಮಾಡಿ, ದೂರ ಹಿಡಿದು, "ಹ್ಞೂಂ" ಎಂದು ಮಡಿಸಿ ಜೇಬಿಗಿಟ್ಟುಕೊಂಡ. ಅವನಿಗೆ ಏನೂ ಕಂಡಿಲ್ಲವೆಂದು ಚಂದ್ರಮತಿಗೆ ಗೊತ್ತಾಯಿತು. ಉಳಿದವರಿಗೆ ಗೊತ್ತಾಗಲಿಲ್ಲ.

ಮಹಡಿಗೆ ಹೋದರು. ಬಲೆ ಹಾಕಿಕೊಂಡರು. ನಾಗರತ್ನಮ್ಮ ತಮ್ಮ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು ಮುಚ್ಚಳ ತೆಗೆದು ಕಾದರು. ಜಯರಾಮ ಕಿವಿ ಒತ್ತಿ ಪೆಟ್ಟಿಗೆ ತಟ್ಟಿದ.

"ರಾಣಿ ಇದ್ದಾಳೆ. ತೆಗಿ ರೂಪೇಶ. ರಾಣಿ ಇರೋ ಎರಿ ಇಲ್ಲೇ ಬಿಡು. ಮೊಟ್ಟೆ ಇರೋ ಎರಿ ಮೂರು ಅವರಿಗೆ ಕೊಡು, ನಾಲ್ಕು ನಮಗಿರಲಿ."

ರೂಪೇಶ ಮುಚ್ಚಳಕ್ಕೆ ಕೈ ಹಾಕಿದ. ಒಂದು ನಿಮಿಷ ಸುಮ್ಮನಿದ್ದರೆ ಮುಚ್ಚಳ ತೆಗೆಯುತ್ತಾನೆ, ಅವನೇ ನೋಡುತ್ತಾನೆ, ಅವನೇ ಹೇಳುತ್ತಾನೆ. ತಾನು ಬಾಯಿ ಬಿಡುವುದೇ ಬೇಡ. ಅಷ್ಟು ಸುಲಭದ ದಾರಿಯೊಂದಿದೆ ಎಂದು ಕಂಡದ್ದಕ್ಕೋ ಏನೋ, ಚಂದ್ರಮತಿಗೆ ತನ್ನ ಮೇಲೆ ಅಸಹ್ಯವಾಯಿತು. ಹೊರಗಿನವನ ಬಾಯಿಂದ, ಎಲ್ಲರ ಎದುರು, ತಯಾರಿಯಿಲ್ಲದೆ ಅವನು ಅದನ್ನು ಕೇಳಬೇಕೇ?

"ತೆಗೀಬೇಡ ರೂಪೇಶ" ಎಂದಳು. ದನಿ ತನಗೇ ಜೋರಾಗಿ ಕೇಳಿಸಿತು. "ಏಳಿಲ್ಲ. ಮೂರೇ ಇರೋದು."

"ಎಂತ ಮೂರು?"

"ಎರಿ. ಫೈಲಲ್ಲಿ ನಾನು ಎಳೆದದ್ದು ಅದು, ಅಂಕಿ ತಾನಾಗೇ ಏರಿದೆ. ಪಾಲು ಮಾಡಿದ್ರೆ ಎರಡೂ ಉಳಿಯಲ್ಲ."

ರೂಪೇಶ ಬಲೆಯೊಳಗಿಂದಲೇ ಅವಳನ್ನು ನೋಡಿದ. ಅವನಿಗೆ ತಕ್ಷಣ ಅರ್ಥವಾಯಿತು, "ಅಯ್ಯೋ ದೇವ್ರೇ, ಡ್ರ್ಯಾಗ್ ಮಾಡಿದ್ರಾ?" ಎಂದು ನಗಲು ಹೊರಟವನು ಜಯರಾಮನ ಮುಖ ನೋಡಿ ನುಂಗಿಕೊಂಡ.

ಜಯರಾಮ ಬಗ್ಗಿದವನು ಹಾಗೇ ಇದ್ದ. ಕೈ ಇನ್ನೂ ಪೆಟ್ಟಿಗೆಯ ಮೇಲಿತ್ತು.

"ಅವನ ಫೈಲು ಬಿಡು. ನಾನು ಹೇಳಿದ್ದು?"

ಅವಳು ಅವನ ಕೈಯಡಿಯ ಒದ್ದೆ ಹಲಗೆಯನ್ನೇ ನೋಡಿದಳು.

"ಯಾವಾಗಿಂದ ಮೂರು?"

"ನವೆಂಬರಲ್ಲೇ ಕಡಿಮೆ ಇತ್ತು. ಮೂರಾಗಿ ಒಂದು ತಿಂಗಳ ಮೇಲಾಗಿರಬೇಕು."

"ನೀನು ನೋಡ್ತಾ ಇದ್ದೆ."

"ನೋಡ್ತಾ ಇದ್ದೆ."

"ನಾನು ಚೆನ್ನಾಗಿದೆ ಅಂತಿದ್ದೆ, ನೀನು ಬರ್ಕೋತಾ ಇದ್ದೆ."

"ಹಲಗೆ ನೆಂದಿದೆ ರೀ. ಅದಕ್ಕೆ ಭಾರ. ಅದು ಯಾರಿಗಾದ್ರೂ ಮೋಸ ಮಾಡುತ್ತೆ."

"ಯಾರಿಗಾದ್ರೂ ಅಲ್ಲ. ನಂಗೆ" ಎಂದ ಜಯರಾಮ. ದನಿ ಏರಲಿಲ್ಲ; ಏರಿದ್ದರೆ ಅವಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವನು ಬಲೆ ತೆಗೆದು, ತಡವಿಕೊಂಡು ಹೋಗಿ ಟ್ಯಾಂಕಿನ ಕಟ್ಟೆಯ ಮೇಲೆ ಕೂತ.

ಆಚೆ ಮೇಲ್ಸೇತುವೆಯ ಮೇಲೆ ರೈಲು ಹೋಯಿತು. ಕೊನೆಗೆ ನಾಗರತ್ನಮ್ಮ ತಮ್ಮ ಪೆಟ್ಟಿಗೆಯ ಮುಚ್ಚಳ ಮುಚ್ಚಿದರು.

"ನಂದೇನು, ಖಾಲಿ ಬಂದಿದ್ದು ಖಾಲಿ ಹೋಗುತ್ತೆ. ಅದೇ ಆಟೋ ಸಿಗುತ್ತೆ, ಒಳ್ಳೇದಾಯ್ತು. ಜಯರಾಮು, ನನ್ನ ನೊಣ ಎಲ್ಲ ಹೋಗಿ ಇಪ್ಪತ್ತು ದಿನದ ಮೇಲೆ ನಂಗೆ ಗೊತ್ತಾಗಿದ್ದು. ಎರಡು ಕಣ್ಣೂ ನೆಟ್ಟಗಿವೆ ನಂಗೆ. ಪೆಟ್ಟಿಗೆ ಮೇಲೆ ಹಪ್ಪಳ ಒಣಗ್ಸಿದ್ದೆ."

ಜಯರಾಮ ನಗಲಿಲ್ಲ. ಆದರೆ ಯಾರಿಗೆಂದು ಹೇಳದೆ, "ಬಂದಿದ್ದೀರಲ್ಲ, ಇರೋದಾದ್ರೂ ಏನು ನೋಡಿ" ಎಂದ.

ರೂಪೇಶ ಮುಚ್ಚಳ ತೆಗೆದ. ಬರಿದಾದ ಎರಿಗಳನ್ನು ಒಂದೊಂದೇ ಈಚೆ ತೆಗೆದಿಟ್ಟ. ಎರಡರಲ್ಲಿ ಮೇಣದ ಹುಳು ಬಿದ್ದು ಜೇಡರ ಬಲೆಯಂತೆ ನೂಲು ಕಟ್ಟಿತ್ತು. ನೊಣವಿದ್ದ ನಡುವಿನ ಎರಿಯನ್ನು ಎತ್ತಿ ನೋಡಿದ, ಇನ್ನೊಮ್ಮೆ ನೋಡಿದ.

"ರಾಣಿ ಕಾಣ್ತಾ ಇಲ್ಲ ಸರ್."

"ಹೆದರಿ ಅಡಗಿರ್ತಾಳೆ. ಅವಳನ್ನ ಹುಡುಕಬೇಡ, ಮೊಟ್ಟೆ ನೋಡು" ಎಂದ ಜಯರಾಮ ಕೂತಲ್ಲಿಂದಲೇ. ಆಮೇಲೆ ತಡೆದು, "ಚಂದ್ರಾ, ನೀನು ನೋಡು" ಎಂದ.

ಇಷ್ಟು ವರ್ಷದಲ್ಲಿ ಚಂದ್ರಮತಿ ಎರಿಯನ್ನು ಕೈಯಲ್ಲಿ ಹಿಡಿದವಳಲ್ಲ. ಹಿಂದೆ ನಿಂತು ಬರೆದವಳು. ರೂಪೇಶ ಅದನ್ನು ಅವಳ ಕೈಗೆ ದಾಟಿಸಿದಾಗ, ಸಣ್ಣದೊಂದು ಪ್ರಾಣಿ ಮೈ ಬಿಸಿ ಸಮೇತ ಕೈಗೆ ಬಂದಂತಾಯಿತು. ನೊಣಗಳು ಬೆರಳ ಮೇಲೆ ಹತ್ತಿದವು. ಒಂದು ಬೊಬ್ಬೆಯಿದ್ದ ಜಾಗದ ಮೇಲೆಯೇ ನಡೆದುಹೋಯಿತು, ಕಚ್ಚಲಿಲ್ಲ.

"ಸೂರ್ಯನ್ನ ಹೆಗಲ ಹಿಂದೆ ಇಟ್ಕೋ. ಬೆಳಕು ಎರಿಯ ಕೋಣೆಗಳ ತಳಕ್ಕೆ ಬೀಳೋ ಹಾಗೆ ಓರೆ ಹಿಡಿ. ಬಿತ್ತಾ?"

"ಬಿತ್ತು."

"ನುಚ್ಚಿನ ಚೂರಿನ ಹಾಗೆ ಇರುತ್ತೆ."

"ಇದೆ. ಇವೆ. ನಾಲ್ಕಾರು ಕಾಣ್ತಾ ಇವೆ."

"ನೆಟ್ಟಗೆ ನಿಂತಿವೆಯೋ, ಮಲಗಿವೆಯೋ?" ಅವನು ಮುಂದಕ್ಕೆ ಬಾಗಿದ್ದ. "ಇಟ್ಟ ದಿನ ನಿಂತಿರುತ್ತೆ. ಮೂರನೇ ದಿನಕ್ಕೆ ಮಲಗಿಬಿಡುತ್ತೆ. ನಿಂತಿದ್ರೆ ನಿನ್ನೆ ಮೊನ್ನೆಯಾದ್ರೂ ರಾಣಿ ಇದ್ದಳು ಅಂತ. ಮಲಗಿರೋವು ಮಾತ್ರ ಇದ್ರೆ ಹೇಳಕ್ಕಾಗಲ್ಲ."

ಚಂದ್ರಮತಿ ಕನ್ನಡಕವನ್ನು ಮೂಗಿನ ಮೇಲೆ ಸರಿಸಿ ನೋಡಿದಳು. ಬಲೆ ಅಡ್ಡ ಬಂತು. ಬಲೆ ಎತ್ತಿ ನೋಡಿದಳು. ಬಿಳಿಯ ಚೂರುಗಳು ಒಮ್ಮೆ ನಿಂತಂತೆ ಕಾಣುತ್ತಿದ್ದವು, ಕೈ ತುಸು ಅಲುಗಿದರೆ ಮಲಗಿದಂತೆ. ನಿಂತಿವೆ ಎಂದು ಹೇಳಿಬಿಡಬಹುದಿತ್ತು. ಕಟ್ಟೆಯ ಮೇಲೆ ಕೂತವನ ಮುಖ ಅದನ್ನೇ ಕಾಯುತ್ತಿತ್ತು, ನಾಗರತ್ನಮ್ಮ ಕೂಡ ಹೂಂ ಎನ್ನು ಎನ್ನುವಂತೆ ನೋಡುತ್ತಿದ್ದರು.

"ಗೊತ್ತಾಗ್ತಾ ಇಲ್ಲ ರೀ" ಎಂದಳು. "ಮೊಟ್ಟೆ ಇದೆ. ಹೇಗಿದೆ ಅಂತ ನಂಗೆ ಗೊತ್ತಾಗ್ತಾ ಇಲ್ಲ."

ಜಯರಾಮ ತಲೆ ತಗ್ಗಿಸಿದ. "ಸರಿ. ಮುಚ್ಚಿ ಹಾಗಾದ್ರೆ. ಗಾಳಿ ಹೊಡೆಯುತ್ತೆ."

ಕಾಫಿ ಕುಡಿದು ಇಬ್ಬರೂ ಹೊರಟರು. ಬಾಗಿಲಲ್ಲಿ ರೂಪೇಶ, "ಆ ಗ್ರಾಫ್ ತೆಗ್ದುಬಿಡ್ತೇನೆ ಅಕ್ಕ, ಎಲ್ಲರಿಗೂ ನಾನೇ ಮೇಲ್ ಹಾಕ್ತೇನೆ, ನೀವು ಬೇಜಾರು ಮಾಡ್ಬೇಡಿ" ಎಂದ. ಚಂದ್ರಮತಿಗೆ ಬೇಜಾರು ಮಾಡಿಕೊಳ್ಳುವಷ್ಟು ತ್ರಾಣವೂ ಇರಲಿಲ್ಲ. ಲೋಟ ತೊಳೆದಿಟ್ಟು ಮಲಗಿದವಳು ಸಂಜೆಯವರೆಗೆ ಏಳಲಿಲ್ಲ.

ಮಾರನೆಯ ದಿನದಿಂದ ಜಯರಾಮ ಮಹಡಿ ಹತ್ತಲಿಲ್ಲ. ಕೋಪವನ್ನೂ ತೋರಿಸಲಿಲ್ಲ. ಕೊಟ್ಟದ್ದು ತಿಂದ, ರೇಡಿಯೋ ಕೇಳಿದ, ಪ್ರಣಮ್ಯಾಳಿಂದ ಪೇಪರ್ ಓದಿಸಿಕೊಂಡ. ಜೇನಿನ ಮಾತು ಮಾತ್ರ ಎತ್ತಲಿಲ್ಲ. ಚಂದ್ರಮತಿಯೂ ಎತ್ತಲಿಲ್ಲ. ಫೈಲಿನಲ್ಲಿ ತನ್ನ ಸಾಲುಗಳನ್ನು ಅಳಿಸಿ ಕಳಿಸಿದಳು. ಪುಸ್ತಕವನ್ನು ತೆಗೆಯಲೇ ಇಲ್ಲ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಸಕ್ಕರೆಗೆ ಅಷ್ಟೇ ನೀರು ಬೆರೆಸಿ ಪಾಕ ಮಾಡಿ, ತೆಂಗಿನ ಕರಟದಲ್ಲಿ ಹುಯ್ದು, ನೊಣ ಮುಳುಗದಂತೆ ಮೇಲೊಂದು ಕಡ್ಡಿಯಿಟ್ಟು ಪೆಟ್ಟಿಗೆಯೊಳಗೆ ಇಟ್ಟು ಬರುತ್ತಿದ್ದಳು. ಸಕ್ಕರೆ ತರಬೇಡವೆಂದು ಡಾಕ್ಟರು ಹೇಳಿದ ಮನೆಗೆ ವಾರಕ್ಕೆ ಎರಡು ಕಿಲೋ ಸಕ್ಕರೆ ಬರುವುದನ್ನು ಕಂಡು ಅಂಗಡಿಯವನು ಹುಬ್ಬೇರಿಸಿದ. ನೊಣಗಳು ಹೆಚ್ಚಾದಂತೆ ಕಾಣಲಿಲ್ಲ. ಕಡಿಮೆಯಾದಂತೆಯೂ ಕಾಣಲಿಲ್ಲ.

ಹೀಗೆ ಸುಮಾರು ದಿನ ಕಳೆಯಿತು. ಫೆಬ್ರವರಿಯ ಒಂದು ಬೆಳಿಗ್ಗೆ ಅವಳು ಖಾಲಿ ಪಾತ್ರೆ ಹಿಡಿದು ಮೆಟ್ಟಿಲಿಳಿದು ಬರುತ್ತಿರುವಾಗ, ಜಯರಾಮ ಮನೆಯ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದ. ಹೆಜ್ಜೆ ಸದ್ದು ಹತ್ತಿರವಾದ ಮೇಲೆ ಕೇಳಿದ:

"ಪಾಕ ಎಷ್ಟು ಕುಡಿದಿವೆ?"

ಇಷ್ಟು ದಿನ ಅವನು ಹೇಳುತ್ತಿದ್ದ, ಅವಳು ಬರೆದುಕೊಳ್ಳುತ್ತಿದ್ದಳು. ಆ ಭಾನುವಾರ ಬಿಟ್ಟರೆ ಅವನು ಕೇಳಿದ್ದು ಇದೇ ಮೊದಲು. ಚಂದ್ರಮತಿ ಮೆಟ್ಟಿಲಿನ ಮೇಲೆಯೇ ನಿಂತಳು.

"ಅರ್ಧ ಖಾಲಿಯಾಗಿದೆ" ಎಂದಳು. "ಆದ್ರೆ ಕರಟದ ತುಂಬ ಇರುವೆ ಇತ್ತು. ಅವೆಷ್ಟು ಕುಡಿದ್ವೋ, ಇವೆಷ್ಟು ಕುಡಿದ್ವೋ ಗೊತ್ತಿಲ್ಲ."

"ಸ್ಟ್ಯಾಂಡಿನ ಕಾಲಿನ ಬಟ್ಟಲಲ್ಲಿ ನೀರಿದೆಯಾ? ಅದು ಒಣಗಿದ್ರೆ ಇರುವೆ ಹತ್ತುತ್ವೆ."

ಅವಳು ಆ ಕಡೆ ನೋಡಿರಲೇ ಇಲ್ಲ. "ನೋಡ್ಲಿಲ್ಲ" ಎಂದಳು.

"ನೋಡು ಮತ್ತೆ."

ಕಾಲೇಜಿಗೆ ಹೊತ್ತಾಗಿತ್ತು. ಚಂದ್ರಮತಿ ಒಳಗೆ ಹೋಗಿ ಒಂದು ಚೊಂಬು ನೀರು ತುಂಬಿಕೊಂಡು, ಮಂಡಿ ನೋವಿಗೆ ಒಮ್ಮೆ ಉಸ್ಸೆಂದು, ಮತ್ತೆ ಮಹಡಿಯ ಮೆಟ್ಟಿಲು ಹತ್ತಿದಳು. ಅರ್ಧ ಹತ್ತಿದ ಮೇಲೆ ಹಿಂದಿನಿಂದ ಗೋಡೆಗೆ ಅಂಗೈ ಉಜ್ಜುವ ಸದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ; ಹೆಜ್ಜೆಯನ್ನು ಮಾತ್ರ ನಿಧಾನ ಮಾಡಿದಳು.